ಮುತ್ಯಾನ ಲೈಸೆನ್ಸು, ಕಂಪೈಲರಿನ ಪಟ್ಟಿ

ಹೋದ ಮಳೆಗಾಲ ಶುರುವಾಗುವ ಹೊತ್ತಿಗೆ ಕಮಲಾಪುರದ ಕಡೆಯ ಮುತ್ಯಾ ಒಬ್ಬರು ನಮಗೆ ಫೋನ್ ಮಾಡಿದ್ದರು. "ಯವ್ವಾ, ಡ್ರೈವಿಂಗ್ ಲೈಸೆನ್ಸ್ ಎಲ್ಲಿ ಮಾಡಿಸ್ತಾರ? ಎಷ್ಟ್ ರೊಕ್ಕ ಆಗ್ತದ?"

ವಯಸ್ಸು ಎಪ್ಪತ್ತು ದಾಟಿದೆ. ಸೈಕಲ್ ಕೂಡ ಹೊಡೆದವರಲ್ಲ. ಯಾಕೆ ಮುತ್ಯಾ ಎಂದು ಕೇಳಿದೆವು. "ನೀವೇ ಬರ್ದೀರಲ್ಲವಾ, ಬೆಳೆ ಸಾಲಕ್ಕ ಬೇಕಂತ. ನನ್ನ ಹತ್ರ ಇರೋದು ಎತ್ತಿನ ಬಂಡಿ. ಅದಕ್ಕೂ ಲೈಸೆನ್ಸ್ ಬೇಕೇನ್?"

ಮೊದಲು ನಾವಿಬ್ಬರೂ ನಕ್ಕೆವು. ಆಮೇಲೆ ನಾವೇ ಬರೆದು ಹಾಕಿದ ಮಾಹಿತಿಯನ್ನು ಫೋನಿನಲ್ಲಿ ತೆಗೆದು ನೋಡಿದೆವು. ನಗು ನಿಂತಿತು.

ಸಾಲದ ಅರ್ಜಿಗೆ ಬೇಕಾಗುವ ಕಾಗದಗಳನ್ನು ಒಂದರ ಕೆಳಗೆ ಒಂದು ಸಾಲಾಗಿ ಟೈಪ್ ಮಾಡಿದ್ದೆವು. ಪಹಣಿ, ಪಾಸ್‌ಬುಕ್, ಫೋಟೊ. ಅದರ ಕೆಳಗೆ, ಗುರುತಿಗಾಗಿ ಯಾವುದಾದರೂ ಒಂದು ಎಂದು ಬರೆದು, ಸ್ವಲ್ಪ ಒಳಗೆ ಸರಿಸಿ ಆಧಾರ್, ವೋಟರ್ ಕಾರ್ಡ್, ಡ್ರೈವಿಂಗ್ ಲೈಸೆನ್ಸ್. ನಮ್ಮ ಕಂಪ್ಯೂಟರಿನಲ್ಲಿ ಚೆಂದವಾಗಿಯೇ ಕಾಣುತ್ತಿತ್ತು. ಜನರ ಫೋನಿಗೆ ಹೋಗುವಷ್ಟರಲ್ಲಿ ಎಲ್ಲ ಸಾಲುಗಳೂ ಕೂಡಿ ಒಂದೇ ಉದ್ದನೆ ಸಾಲಾಗಿತ್ತು. "ಫೋಟೊ ಗುರುತಿಗಾಗಿ ಯಾವುದಾದರೂ ಒಂದು ಆಧಾರ್ ವೋಟರ್ ಕಾರ್ಡ್ ಡ್ರೈವಿಂಗ್ ಲೈಸೆನ್ಸ್" ಎಂದು ಓದಿದರೆ ಯಾರಿಗೆ ಏನು ತಿಳಿಯಬೇಕು? ಮೊಮ್ಮಗ ಓದಿ ಹೇಳಿದ, ಮುತ್ಯಾ ಬೆರಳು ಮಡಚಿ ಎಣಿಸಿಕೊಂಡರು. ಲೈಸೆನ್ಸ್ ಒಂದು ಕಡಿಮೆ ಬಿತ್ತು. ಅದಕ್ಕಾಗಿ ಹುಮನಾಬಾದ್ ರಸ್ತೆಯ ಬಸ್ ಹಿಡಿದು ಕಲಬುರಗಿಗೆ ಎರಡು ಸಲ ಬಂದು ಹೋಗಿದ್ದರು. ಅಷ್ಟರಲ್ಲಿ ಮಿರಗದ ಮಳೆ ಬಿದ್ದಿತ್ತು. ಕಾಯಲಾಗದೆ ಸಾವಕಾರನ ಹತ್ತಿರ ಬಡ್ಡಿಗೆ ತಂದು ತೊಗರಿ ಬಿತ್ತಿದರು.

ನಮಗೆ ಫೋನ್ ಬಂದದ್ದು ಬಿತ್ತನೆ ಆದ ಮೇಲೆ.

ಇದನ್ನು ಇಷ್ಟು ದಿನ ಎಲ್ಲೂ ಬರೆದಿರಲಿಲ್ಲ. ಈಗ ಬರೆಯುತ್ತಿರುವುದಕ್ಕೆ ಕಾರಣ ನಾವು ಬಾಡಿಗೆಗಿರುವ ಜೇವರ್ಗಿ ಕಾಲೋನಿಯ ಮನೆಯ ಕೆಳಗಿನ ಹುಡುಗಿ. ಇಂಜಿನಿಯರಿಂಗ್ ಓದುತ್ತಾಳೆ. ಒಂದು ಸಂಜೆ ಲ್ಯಾಪ್‌ಟಾಪ್ ಹಿಡಿದು ಮೇಲೆ ಬಂದಳು. "ಅಕ್ಕಾ, ನೀವು ಪೇಪರ್‌ನಾಗ ಕೆಲಸ ಮಾಡಿದವ್ರು. ಇದನ್ನೊಂದಿಷ್ಟು ಓದಿ ಹೇಳ್ರಿ. ಮೂರು ಸಲ ಓದೀನಿ, ತಿಳೀವಲ್ದು."

ಅದು ಒಂದು ಕಂಪೈಲರಿನ ಕೈಪಿಡಿ. ಯಾವ ಕಂಪೈಲರ್ ಎಂದು ಹೇಳುವುದಿಲ್ಲ. ಇಂಥ ತಪ್ಪು ಯಾರ ಪುಸ್ತಕದಲ್ಲೂ ಇರಬಹುದು, ನಮ್ಮ ಬರಹದಲ್ಲಿ ಇತ್ತಲ್ಲ. ಕಂಪೈಲರ್ ಎಂದರೆ ಏನು ಎಂದು ಅವಳು ನಮಗೆ ಹೇಳಿಕೊಟ್ಟಿದ್ದು ಹೀಗೆ: ಕಲಬುರಗಿಯ ಬೇಳೆ ಮಿಲ್ಲಿಗೆ ತೊಗರಿ ಹಾಕಿದರೆ ಆ ಕಡೆ ಬೇಳೆ ಬೀಳುತ್ತದೆ. ಮನುಷ್ಯ ಬರೆದ ಪ್ರೊಗ್ರಾಮನ್ನು ಈ ಕಡೆ ಹಾಕಿದರೆ ಕಂಪ್ಯೂಟರ್ ನಡೆಸಬಲ್ಲ ರೂಪದಲ್ಲಿ ಆ ಕಡೆ ಬರುತ್ತದೆ. ಕಲ್ಲು ಸಿಕ್ಕರೆ ಮಿಲ್ಲು ಕೂಗುತ್ತದೆ. ಇದೂ ಕೂಗುತ್ತದೆ, ಇಂಥ ಸಾಲಿನಲ್ಲಿ ಇಂಥ ತಪ್ಪು ಎಂದು. ನಿಮ್ಮ ಫೋನಿನಲ್ಲಿರುವ ಬಹುತೇಕ ಆ್ಯಪ್‌ಗಳು ಇಂಥ ಒಂದಲ್ಲ ಒಂದು ಮಿಲ್ಲಿನಿಂದ ಹೊರಬಿದ್ದವೇ.

ಪುಟದಲ್ಲಿ ಇದ್ದದ್ದು ಒಂದು ಎಚ್ಚರಿಕೆಯ ವಿವರ. ಯಾವ ಸಂದರ್ಭದಲ್ಲಿ ಕಂಪೈಲರ್ ಈ ಎಚ್ಚರಿಕೆ ಕೊಡುವುದಿಲ್ಲ ಎಂದು ಹೇಳಬೇಕಿತ್ತು. ಆದರೆ ಕಣ್ಣಿಗೆ ಬಿದ್ದದ್ದು ಒಂದೇ ಪ್ಯಾರಾ, ಅದರ ನಡುನಡುವೆ ಅಲ್ಲಲ್ಲಿ ಅಡ್ಡಗೆರೆ. ಕಂಪೈಲರಿಗೆ ಕೊಡುವ ಆಜ್ಞೆಗಳೂ ಅಡ್ಡಗೆರೆಯಿಂದಲೇ ಶುರುವಾಗುತ್ತವೆ. ಡ್ಯಾಶ್ ಓ ಟೂ, ಡ್ಯಾಶ್ ಡಬ್ಲ್ಯೂ ಆಲ್, ಹೀಗೆ. (ಡಬ್ಲ್ಯೂ ಆಲ್ ಎಂದರೆ ಎಲ್ಲ ಎಚ್ಚರಿಕೆಗಳೂ ಬರುತ್ತವೆ ಎಂದುಕೊಳ್ಳಬೇಡಿ. ಹೆಸರು ಎಲ್ಲ, ಆದರೆ ಎಲ್ಲವೂ ಬರುವುದಿಲ್ಲ. ಇದು ನಮಗೆ ಬಹಳ ಹಿಡಿಸಿತು, ಎಷ್ಟೋ ಸರ್ಕಾರಿ ಯೋಜನೆಗಳ ಹೆಸರು ನೆನಪಾಯಿತು.) ಈಗ ಯಾವ ಗೆರೆ ಆಜ್ಞೆಯದು, ಯಾವ ಗೆರೆ ಪಟ್ಟಿಯ ಗುರುತು, ಯಾವುದು ಸುಮ್ಮನೆ ವಾಕ್ಯದ ನಡುವಿನ ಗೆರೆ, ಗೊತ್ತಾಗುವುದೇ ಇಲ್ಲ.

ನಮ್ಮ ಇಂಗ್ಲಿಷ್ ಅಷ್ಟಕ್ಕಷ್ಟೆ. ಇಬ್ಬರೂ ಕನ್ನಡ ಶಾಲೆಯವರು. ಆದರೆ ಆ ಪ್ಯಾರಾ ನೋಡಿದ ಕೂಡಲೆ ಮುತ್ಯಾನ ಲೈಸೆನ್ಸು ಕಣ್ಣ ಮುಂದೆ ಬಂತು. "ಇದು ಪಟ್ಟಿ ಆಗಬೇಕಿತ್ತು, ಕುಸಿದು ಬಿದ್ದದ" ಎಂದೆವು.

ಹುಡುಗಿ ಆ ಪುಟದ ಮೂಲ ಕಡತ ತೆಗೆದಳು. ಅಲ್ಲಿ ನೋಡಿದರೆ ಎಲ್ಲವೂ ಸರಿ! ಒಂದೊಂದು ಅಂಶ ಒಂದೊಂದು ಸಾಲಿನಲ್ಲಿ, ಎದುರಿಗೆ ಗೆರೆ, ಮುತ್ತು ಪೋಣಿಸಿದ ಹಾಗೆ. ಬರೆದವರು ಸರಿಯಾಗಿಯೇ ಬರೆದಿದ್ದಾರೆ, ಓದುವವರಿಗೆ ತಪ್ಪಾಗಿ ಕಾಣುತ್ತಿದೆ. ನಮ್ಮ ಕಥೆಯೂ ಇದೇ. ವೆಬ್ ಪುಟಕ್ಕೆ ನೀವು ಎಂಟರ್ ಒತ್ತಿದ್ದು ಲೆಕ್ಕಕ್ಕಿಲ್ಲ, ಅದನ್ನು ಅದು ಒಂದು ಖಾಲಿ ಜಾಗವಾಗಿ ಮಾತ್ರ ತೋರಿಸುತ್ತದೆ. ಇಲ್ಲಿಂದ ಪಟ್ಟಿ ಶುರು, ಇದು ಒಂದು ಅಂಶ ಎಂದು ಎಚ್‌ಟಿಎಂಎಲ್ ಗುರುತಿನಲ್ಲಿ ಹೇಳಬೇಕು. ಟಿಮ್ ಬರ್ನರ್ಸ್-ಲೀ 1991ರಲ್ಲಿ ಕೊಟ್ಟ ಮೊದಲ ಗುರುತುಗಳಲ್ಲೇ ಪಟ್ಟಿಗೆ ಗುರುತು ಇತ್ತು. ನಾವೇ ಹಾಕಿರಲಿಲ್ಲ.

ಈ ಕೈಪಿಡಿಯಲ್ಲಿ ಬಳಸಿದ್ದು ರೀಸ್ಟ್ರಕ್ಚರ್ಡ್ ಟೆಕ್ಸ್ಟ್ ಎಂಬ ಬರವಣಿಗೆಯ ಪದ್ಧತಿ. ಅದರಲ್ಲಿ ಗುರುತು ಬಹಳ ಸರಳ, ಸಾಲಿನ ಎದುರಿಗೆ ಒಂದು ಗೆರೆ ಹಾಕಿದರಾಯಿತು. ಆದರೆ ಒಂದು ಕಟ್ಟುನಿಟ್ಟು ಇದೆ. ಪಟ್ಟಿ ಶುರುವಾಗುವ ಮೊದಲು ಒಂದು ಸಾಲು ಖಾಲಿ ಬಿಡಬೇಕು. ಬಿಡದಿದ್ದರೆ ಅದು ಪಟ್ಟಿಯೇ ಅಲ್ಲ, ಮೇಲಿನ ಪ್ಯಾರಾದ ಮುಂದುವರಿಕೆ. 2004ರಲ್ಲಿ ಬಂದ ಮಾರ್ಕ್‌ಡೌನ್ ಎಂಬ ಇನ್ನೊಂದು ಪದ್ಧತಿ ಇದೆ. ಅದರ ಈಗಿನ ನಿಯಮದಲ್ಲಿ ಖಾಲಿ ಸಾಲು ಇಲ್ಲದಿದ್ದರೂ ಗೆರೆ ಕಂಡ ಕೂಡಲೆ ಪಟ್ಟಿ ಮಾಡಿಬಿಡುತ್ತದೆ. ಅಲ್ಲಿ ರೂಢಿಯಾದ ಕೈ ಇಲ್ಲಿ ಬರೆದರೆ ಹೀಗಾಗುತ್ತದೆ. ಅಕ್ಕನ ಮನೆಯ ಒಲೆ ಬೇರೆ, ತಂಗಿಯ ಮನೆಯ ಒಲೆ ಬೇರೆ.

ಸಿ ಭಾಷೆಯ ಪ್ರೊಗ್ರಾಮಿನಲ್ಲಿ ಎಷ್ಟು ಸಾಲು ಖಾಲಿ ಬಿಟ್ಟರೂ ಕಂಪೈಲರಿಗೆ ಸಾಮಾನ್ಯವಾಗಿ ಬೇಕಿಲ್ಲ. ಒಂದು ಅರ್ಧವಿರಾಮ ಬಿಟ್ಟರೆ ಮಾತ್ರ ಕಿರುಚುತ್ತದೆ. ಅದರ ಕೈಪಿಡಿಯ ಸಂಗತಿ ತಿರುಗಾಮುರುಗಾ. ಇಲ್ಲಿ ಖಾಲಿ ಸಾಲಿಗೇ ಅರ್ಥ ಇದೆ, ಬಿಟ್ಟುಹೋದರೆ ಯಾರೂ ಕಿರುಚುವುದಿಲ್ಲ. ಪುಟ ಕಟ್ಟುವ ಸಾಫ್ಟ್‌ವೇರ್ ಕೂಡ ತೆಪ್ಪಗೆ ಎಲ್ಲ ಕೂಡಿಸಿ ಪ್ಯಾರಾ ಮಾಡುತ್ತದೆ, ಏಕೆಂದರೆ ಅದರ ಲೆಕ್ಕದಲ್ಲಿ ತಪ್ಪೇ ಆಗಿಲ್ಲ. ಯಾರಾದರೂ ಓದಿ, ತಲೆ ಕೆರೆದುಕೊಂಡು, ಇದು ನನಗೆ ತಿಳಿಯದ್ದಲ್ಲ, ಬರಹವೇ ಹೀಗಿದೆ ಎಂದು ಅನುಮಾನಪಟ್ಟರೆ ಮಾತ್ರ ಗೊತ್ತಾಗುತ್ತದೆ. ನಮ್ಮ ಹುಡುಗಿ ಮೂರು ಸಲ ಓದಿ ತನ್ನನ್ನೇ ದಡ್ಡಿ ಅಂದುಕೊಂಡಿದ್ದಳು. ಮುತ್ಯಾ ಕೂಡ ನಮ್ಮನ್ನು ಬೈಯಲಿಲ್ಲ, ಲೈಸೆನ್ಸ್ ಇಲ್ಲದ್ದು ತನ್ನದೇ ಕೊರತೆ ಅಂದುಕೊಂಡರು.

ಹಳೆಯ ಜಿಸಿಸಿ ಕಂಪೈಲರಿನ ಕೈಪಿಡಿ ಬೇರೆ ಥರ. 1987ರಲ್ಲಿ ರಿಚರ್ಡ್ ಸ್ಟಾಲ್ಮನ್ ಹೊರತಂದ ಕಂಪೈಲರ್ ಅದು. ಅದರ ಕೈಪಿಡಿ ಟೆಕ್ಸ್‌ಇನ್ಫೊ ಎಂಬ ಪದ್ಧತಿಯಲ್ಲಿದೆ. ಅಲ್ಲಿ ಪಟ್ಟಿ ಶುರು, ಪಟ್ಟಿ ಮುಗಿಯಿತು ಎಂದು ಎರಡೂ ತುದಿಗೆ ಬಾಯಿಬಿಟ್ಟು ಬರೆಯಬೇಕು. ಬರೆಯಲು ಬೇಸರ, ಆದರೆ ಮುಗಿಸುವುದು ಮರೆತರೆ ತಪ್ಪು ಅಂತ ಹೇಳುತ್ತದೆ. 2022ರ ನವೆಂಬರಿನಲ್ಲಿ ಅದನ್ನೂ ಹೊಸ ಪದ್ಧತಿಗೆ ಬದಲಾಯಿಸಿದರು, ಕೆಲವೇ ದಿನಗಳಲ್ಲಿ ವಾಪಸ್ ಹಳೆಯದಕ್ಕೇ ಬಂದರು.

ಸರಿ, ಹುಡುಗಿ ಒಂದು ಸಾಲು ಖಾಲಿ ಬಿಟ್ಟು ಮತ್ತೆ ಪುಟ ಕಟ್ಟಿದಳು. ಚುಕ್ಕಿಗಳು ಒಂದರ ಕೆಳಗೆ ಒಂದು ಬಂದು ಕುಳಿತವು. ಚಹಾ ಮಾಡೋಣ ಎಂದು ಎದ್ದೆವು. ಆಮೇಲೆ ನೋಡಿದರೆ ಕೆಲಸ ಮುಗಿದಿರಲಿಲ್ಲ.

ಪಟ್ಟಿಯಲ್ಲಿ ಮೂರು ಅಂಶ. ಯಾವುದಾದರೂ ಒಂದು ಇದ್ದರೆ ಸಾಕು. ಮೂರನೆಯದರ ಒಳಗೆ ಮತ್ತೆ ಎರಡು, ಅವು ಎರಡೂ ಇರಲೇಬೇಕು. ಮುತ್ಯಾನ ಪಟ್ಟಿಯನ್ನೇ ತಿರುವಿಹಾಕಿದ ಹಾಗೆ. ಅಲ್ಲಿ ಎಲ್ಲವೂ ಬೇಕು, ಒಳಗಿನದರಲ್ಲಿ ಒಂದು ಸಾಕಾಗಿತ್ತು. ಒಳಪಟ್ಟಿಯ ಮೊದಲೂ ಖಾಲಿ ಸಾಲು ಬೇಕು, ಅದನ್ನು ಹೊರಗಿನ ಅಕ್ಷರದ ನೇರಕ್ಕೆ ಒಳಗೆ ಸರಿಸಲೂ ಬೇಕು. ಅದು ಆಯಿತು. ಕೊನೆಗೆ ಒಂದು ವಾಕ್ಯ ಉಳಿಯಿತು: ಪ್ರೊಗ್ರಾಮು ಸಿ ಭಾಷೆಯಲ್ಲಿ ಇದ್ದಾಗ ಮಾತ್ರ ಇದು ಅನ್ವಯ ಎಂಬ ಅರ್ಥದ್ದು. "ಇದು" ಎಂದರೆ ಯಾವುದು? ವಾಕ್ಯವನ್ನು ಎಡ ಅಂಚಿಗೆ ಇಟ್ಟರೆ ಇಡೀ ಪಟ್ಟಿಗೆ ಸೇರುತ್ತದೆ. ಎರಡು ಜಾಗ ಸರಿಸಿದರೆ ಮೂರನೆಯ ಅಂಶಕ್ಕೆ. ನಾಲ್ಕು ಜಾಗ ಸರಿಸಿದರೆ ಒಳಗಿನ ಕೊನೆಯದಕ್ಕೆ ಮಾತ್ರ. ಒಂದೇ ವಾಕ್ಯ, ಮೂರು ಅರ್ಥ. ಮೂಲ ಕಡತದಲ್ಲಿ ಅದು ಮೂರು ಜಾಗ ಸರಿದು ಯಾವುದಕ್ಕೂ ಸೇರದೆ ನಿಂತಿತ್ತು.

ಹುಡುಗಿ, "ಚೆಂದ ಕಾಣೋ ಕಡೆ ಇಟ್ಟುಬಿಡೋಣ್ರಿ" ಎಂದಳು. ನಾವು ಬ್ಯಾಡ ಎಂದೆವು. ಡೆಸ್ಕಿನಲ್ಲಿ ಕೆಲಸ ಮಾಡಿದವರಿಗೆ ಈ ಆಸೆ ಗೊತ್ತಿದೆ. ವರದಿಗಾರ ಬರೆದದ್ದು ಅರ್ಧ ತಿಳಿಯುತ್ತದೆ, ಫೋನ್ ಮಾಡಿ ಕೇಳಲು ಬೇಸರ, ಓದಲು ಸಲೀಸಾಗುವಂತೆ ತಿದ್ದಿಬಿಡುತ್ತೇವೆ. ಬೆಳಿಗ್ಗೆ ಅಚ್ಚಾದದ್ದು ನೀಟಾದ ಸುಳ್ಳು. ಕುಸಿದ ಪಟ್ಟಿ ಓದಿದವನಿಗೆ ಏನೋ ಸರಿಯಿಲ್ಲ ಎಂದಾದರೂ ಅನಿಸುತ್ತದೆ. ಚೆಂದವಾಗಿ ಕಟ್ಟಿದ ತಪ್ಪು ಪಟ್ಟಿಯನ್ನು ಯಾರೂ ಅನುಮಾನಿಸುವುದಿಲ್ಲ.

ಹಾಗಾದರೆ ಯಾರನ್ನು ಕೇಳಬೇಕು? ಮಿಲ್ಲನ್ನೇ ಕೇಳಬಹುದಲ್ಲ. ಹುಡುಗಿ ಒಂದೊಂದು ಸಂದರ್ಭಕ್ಕೆ ಒಂದೊಂದು ನಾಲ್ಕು ಸಾಲಿನ ಪ್ರೊಗ್ರಾಮ್ ಬರೆದು, ಒಮ್ಮೆ ಸಿ ಎಂದೂ ಒಮ್ಮೆ ಸಿ ಪ್ಲಸ್ ಪ್ಲಸ್ ಎಂದೂ ಕಂಪೈಲರಿಗೆ ಕೊಟ್ಟಳು. ನಾವು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತ ಹೋದೆವು, ಎಚ್ಚರಿಕೆ ಬಂತು, ಬರಲಿಲ್ಲ. ನಡುವೆ ಕರೆಂಟ್ ಹೋಯಿತು. ಕೆಳಗಿನಿಂದ ಅವಳ ಅವ್ವ ಊಟಕ್ಕೆ ಎರಡು ಸಲ ಕೂಗಿದರು. ರಾತ್ರಿ ಹತ್ತರ ಹೊತ್ತಿಗೆ ಗೊತ್ತಾಯಿತು: ಮೊದಲ ಎರಡು ಅಂಶಕ್ಕೆ ಭಾಷೆಯ ಹಂಗಿಲ್ಲ. ಆ ವಾಕ್ಯ ಮೂರನೆಯದಕ್ಕೆ ಸೇರಿದ್ದು, ಒಳಗಿನ ಎರಡಕ್ಕೂ ಕೂಡಿಯೇ. ಎರಡು ಜಾಗ.

ನಾವು ಎಡ ಅಂಚಿಗೆ ಇಡೋಣ ಅಂದುಕೊಂಡಿದ್ದೆವು.

ಅವಳು ತನ್ನ ಹೆಸರಿನಲ್ಲೇ ತಿದ್ದುಪಡಿ ಕಳಿಸಿದಳು. ಎರಡು ಖಾಲಿ ಸಾಲು, ಕೆಲವು ಸಾಲಿನ ಎದುರಿಗೆ ಖಾಲಿ ಜಾಗ, ಒಂದಕ್ಷರವೂ ಹೊಸದಿಲ್ಲ. ಪರಿಶೀಲಿಸಿದವರು ಒಂದೇ ಪ್ರಶ್ನೆ ಕೇಳಿದರು: ಕೊನೆಯ ವಾಕ್ಯ ಮೂರನೆಯದಕ್ಕೇ ಎಂದು ಹೇಗೆ ಗೊತ್ತು? ಅವಳು ಆ ಚಿಕ್ಕ ಪ್ರೊಗ್ರಾಮುಗಳನ್ನು ಕಳಿಸಿದಳು. ಒಪ್ಪಿಕೊಂಡರು. ಎಲ್‌ಎಲ್‌ವಿಎಂ ಎಂಬ ದೊಡ್ಡ ಕಂಪೈಲರ್ ಯೋಜನೆಯಲ್ಲಿ ಪ್ರೊಗ್ರಾಮಿನ ನಡವಳಿಕೆ ಬದಲಾಗದ ತಿದ್ದುಪಡಿಗೆ ಎನ್‌ಎಫ್‌ಸಿ ಎಂದು ಬರೆಯುವ ರೂಢಿ ಇದೆಯಂತೆ, ನೋ ಫಂಕ್ಷನಲ್ ಚೇಂಜ್, ಕೆಲಸದಲ್ಲಿ ಏನೂ ಬದಲಾಗಿಲ್ಲ ಎಂದು. "ನಂದೂ ಹಂಗೇ ಅಕ್ಕಾ" ಎಂದು ನಕ್ಕಳು. ಕಂಪೈಲರಿನ ಮಟ್ಟಿಗೆ ಅದು ನಿಜವೇ.

ಮುಂದಿನ ಭಾನುವಾರ ನಾವಿಬ್ಬರೂ ಕಮಲಾಪುರದ ಬಸ್ ಹತ್ತಿದೆವು. ಸಾಲದ ಪಟ್ಟಿಯನ್ನು ಮತ್ತೆ ಬರೆದಿದ್ದೆವು. ಈ ಸಲ ಬ್ಯಾಂಕಿನವರನ್ನು ಒಂದೊಂದು ಅಂಶವನ್ನೂ ಕೇಳಿ, ದೊಡ್ಡ ಅಕ್ಷರದಲ್ಲಿ ಪ್ರಿಂಟ್ ತೆಗೆಸಿದ್ದೆವು. ಫೋನಿಗೆ ಕಳಿಸುವ ಮೊದಲು ಮೂರು ಬೇರೆ ಬೇರೆ ಫೋನಿನಲ್ಲಿ ತೆರೆದೂ ನೋಡಿದ್ದೆವು.

ಮುತ್ಯಾ ಕಟ್ಟೆಯ ಮೇಲೆ ಕುಳಿತು ಕಾಗದವನ್ನು ದೂರ ಹಿಡಿದು ನೋಡಿದರು. ನಾವು ತಪ್ಪಾಯಿತು ಎಂದೆವು. "ಅದೇನ್ ಇರ್ಲಿ ಬಿಡ್ರವಾ" ಎಂದು ಸಾಲುಗಳ ನಡುವಿನ ಜಾಗದ ಮೇಲೆ ಬೆರಳಾಡಿಸಿದರು. "ಇಲ್ಲಿ ಇನ್ನೊಂದೀಟು ಜಾಗ ಬಿಡಬೇಕಿತ್ತು. ಕಾಗದ ಕೂಡಿಸಿದಂಗ ಮೊಮ್ಮಗನ ಕೈಲಿ ರೈಟ್ ಮಾರ್ಕ್ ಹಾಕಿಸ್ತಿದ್ದೆ."

ಸಾವಕಾರನ ಬಡ್ಡಿ ಎಷ್ಟಾಯಿತು ಎಂದು ಕೇಳಲು ಬಾಯಿ ಬರಲಿಲ್ಲ. ತೊಗರಿ ಮಾರಿದ ಮೇಲೆ ತೀರಿಸುತ್ತೇನೆ ಎಂದು ಅವರೇ ಹೇಳಿದರು. ಹೊರಡುವಾಗ ಅವರ ಸೊಸೆ ಒಂದು ಹಣಿಗೆ ಕೆಂಪು ಬಾಳೆಹಣ್ಣು ತಂದು ಕೈಗಿಟ್ಟರು. ಅರ್ಧ ಕೆಳಗಿನ ಮನೆಯ ಹುಡುಗಿಗೆ ಕೊಟ್ಟೆವು.