ಪಥ್ಯವೂ ಶಸ್ತ್ರವೂ

ಹಳೆಯ ವಿದ್ಯಾರ್ಥಿನಿಯರು ಹಲವು ವರ್ಷಗಳ ಮೇಲೆ ಒಂದೆಡೆ ಕೂಡಿದಾಗ ಕ್ಷೇಮಸಮಾಚಾರಕ್ಕಿಂತಲೂ ಮುಂಚೆ ಹೊರಡುವ ಮಾತು ಯಾವುದೆಂಬುದನ್ನು ಈ ಸಂಚಿಕೆಯ ವಾಚಕರಿಗೆ ನಾವು ತಿಳಿಸಬೇಕಾಗಿಲ್ಲ. "ಎಷ್ಟು ದಪ್ಪವಾಗಿದ್ದೀ!" ಎಂದೋ, "ಇಳಿದುಹೋಗಿದ್ದೀಯಲ್ಲಾ!" ಎಂದೋ ಅದು ಇರುತ್ತದೆ. ಮೊದಲನೆಯದನ್ನು ಕೇಳಿದವಳು ನಕ್ಕು ಸೆರಗನ್ನು ಸರಿಪಡಿಸಿಕೊಳ್ಳುತ್ತಾಳೆ. ಎರಡನೆಯದನ್ನು ಕೇಳಿದವಳಿಗೆ ಬಹುಮಾನ ಬಂದಷ್ಟು ಸಂತೋಷ. ಹೇಳುವವರ ಮನಸ್ಸಿನಲ್ಲಿ ಕೆಡುಕೇನೂ ಇರುವುದಿಲ್ಲ. ಆದರೂ ಇಷ್ಟು ಸಲೀಸಾಗಿ ಬಾಯಿಗೆ ಬರುವ ಈ ವಿಷಯವನ್ನು ಕುರಿತು ಹೆಂಗಸರು ಮನಸ್ಸು ಬಿಚ್ಚಿ ಮಾತನಾಡುವುದು ಬಹು ಕಡಮೆ. ಆದುದರಿಂದ ಸಂಪಾದಕ ಮಂಡಲಿಯವರು ಒಂದು ಲೇಖನವನ್ನು ಅಪೇಕ್ಷಿಸಿದಾಗ, ಶಾಲೆಯ ನೆನಪುಗಳನ್ನು ಬರೆಯುವ ಕಾರ್ಯವನ್ನು ನಮಗಿಂತ ಬಲ್ಲವರಿಗೆ ಬಿಟ್ಟು, ಈಗ ನಮ್ಮ ಮನಸ್ಸನ್ನು ತುಂಬಿಕೊಂಡಿರುವ ಸಂಗತಿಯನ್ನೇ ಬರೆಯಲು ನಿಶ್ಚಯಿಸಿದೆವು. ತೂಕವನ್ನಿಳಿಸುವ ಶಸ್ತ್ರಚಿಕಿತ್ಸೆಗೆ ಒಳಪಡಬೇಕೋ ಬೇಡವೋ ಎಂಬುದೇ ಆ ಸಂಗತಿ.

ಮೊದಲು ಲೆಕ್ಕವನ್ನು ಒಪ್ಪಿಸುವೆವು. ನಮ್ಮ ವಯಸ್ಸು 47. ಎತ್ತರ 156 ಸೆಂಟಿಮೀಟರು. ತೂಕ 98 ಕಿಲೋ. ತೂಕವನ್ನು ಮೀಟರಿನಲ್ಲಿ ಅಳೆದ ಎತ್ತರದ ವರ್ಗದಿಂದ ಭಾಗಿಸಿದರೆ ಬರುವ ಅಂಕಿಯನ್ನು ವೈದ್ಯರು ದೇಹದ ತೂಕದ ಸೂಚ್ಯಂಕವೆನ್ನುತ್ತಾರೆ. ನಮ್ಮದು 40ಕ್ಕೆ ತುಸು ಮೇಲೆ. ನಮ್ಮ ದೇಶದವರಿಗೆ ಹೊಟ್ಟೆಯ ಸುತ್ತಲೂ ಕೊಬ್ಬು ಬೇಗನೆ ಸೇರುವುದರಿಂದ 23ರಿಂದಾಚೆಗೆ ಹೆಚ್ಚಿನ ತೂಕವೆಂದೂ 25ರಿಂದಾಚೆಗೆ ಸ್ಥೂಲಕಾಯವೆಂದೂ ಭಾರತೀಯ ವೈದ್ಯರು ಗೊತ್ತುಮಾಡಿದ್ದಾರೆ. ಇದರ ಜೊತೆಗೆ ನಮಗೆ ಒಂಬತ್ತು ವರ್ಷಗಳಿಂದ ಮಧುಮೇಹವುಂಟು. ಮೆಟ್ಟಿಲೇರುವಾಗ ಮೊಣಕಾಲುಗಳು ಮೊರೆಯಿಡುತ್ತವೆ. ನಿದ್ದೆಯಲ್ಲಿ ಉಸಿರು ನಿಂತು ನಿಂತು ಬರುತ್ತದೆಂದು ಮನೆಯವರು ಹೇಳಿದುದನ್ನು ಪರೀಕ್ಷೆಯೂ ದೃಢಪಡಿಸಿದೆ.

ಪಥ್ಯಮಾಡದೆ ಈ ಸ್ಥಿತಿಗೆ ಬಂದವರು ನಾವಲ್ಲ. ಹತ್ತೊಂಬತ್ತು ವರ್ಷಗಳಿಂದ ನಾವು ಮಾಡದ ಪಥ್ಯವಿಲ್ಲ. ಕರಾವಳಿಯಲ್ಲಿ ಹುಟ್ಟಿದವರು ಕುಚ್ಚಲಕ್ಕಿಯ ಗಂಜಿಯನ್ನು ಬಿಡುವುದೆಂದರೆ ಅರ್ಧ ಊರನ್ನೇ ಬಿಟ್ಟಂತೆ. ಅದನ್ನೂ ಬಿಟ್ಟು ಒಂದು ವರ್ಷ ರಾಗಿಯನ್ನುಂಡೆವು. ಎಲೆಕೋಸಿನ ಸಾರನ್ನು ಮಾತ್ರ ಕುಡಿದ ವಾರಗಳುಂಟು. ಅನ್ನ ರೊಟ್ಟಿಗಳೆರಡನ್ನೂ ದೂರಮಾಡಿ ಮೊಟ್ಟೆ, ಮೀನು, ಬೆಣ್ಣೆಗಳಲ್ಲೇ ಕಳೆದ ತಿಂಗಳುಗಳುಂಟು. ಸೂರ್ಯಾಸ್ತದಿಂದ ಮರುದಿನದ ಮಧ್ಯಾಹ್ನದವರೆಗೆ ನೀರಿನ ಹೊರತು ಏನನ್ನೂ ಮುಟ್ಟದೆ ಇದ್ದೆವು. ಪರಿಚಿತರೊಬ್ಬರು ಮಾರಿದ ಪುಡಿಯನ್ನು ಹಾಲಿನಲ್ಲಿ ಕಲಸಿ ಊಟಕ್ಕೆ ಬದಲಾಗಿ ಕುಡಿದೆವು. ಬೆಳಗಿನ ಐದು ಗಂಟೆಗೆದ್ದು ಮೈದಾನವನ್ನು ಸುತ್ತಿದೆವು. ಪ್ರತಿಯೊಂದರಿಂದಲೂ ತೂಕವಿಳಿಯಿತು; ಪ್ರತಿಯೊಂದರ ತರುವಾಯವೂ ಇಳಿದುದು ಬಡ್ಡಿಯೊಡನೆ ಹಿಂದಿರುಗಿತು. ತೂಕವನ್ನು ಬರೆದಿಡುವ ಪುಸ್ತಕವೊಂದು ನಮ್ಮಲ್ಲುಂಟು. ಆರಂಭದಲ್ಲಿ 76 ಕಿಲೋ; ಇಷ್ಟು ವರ್ಷಗಳಲ್ಲಿ ಇಳಿಸಿದುದು ಒಟ್ಟು 61 ಕಿಲೋ; ಏರಿದುದು 83 ಕಿಲೋ. ಕೂಡಿ ಕಳೆದರೆ ಈಗಿನ 98 ಸರಿಯಾಗಿ ಬರುತ್ತದೆ. ನಮ್ಮ ದೇಹದ ತೂಕದ ಅರ್ಧಕ್ಕಿಂತ ಹೆಚ್ಚನ್ನು ನಾವು ಒಮ್ಮೆ ಸೋಲಿಸಿದ್ದೆವೆಂಬುದನ್ನು ನಮ್ಮನ್ನು ನೋಡಿದವರಾರೂ ಊಹಿಸಲಾರರು.

ಲೋಕವು ಇದಕ್ಕೆ ಹೇಳುವ ಕಾರಣವು ಒಂದೇ: ಬಾಯಿ ಕಟ್ಟುವುದಿಲ್ಲ. ಮಂಡಿನೋವಿಗೆಂದು ಹೋದಾಗ ವೈದ್ಯರೊಬ್ಬರು ಮಂಡಿಯನ್ನು ಮುಟ್ಟಿಯೂ ನೋಡದೆ, "ಊಟ ಕಡಿಮೆ ಮಾಡಿ, ಎಲ್ಲಾ ಸರಿಹೋಗುತ್ತದೆ" ಎಂದು ಚೀಟಿಯನ್ನು ಮಡಚಿ ಕೊಟ್ಟರು. ಅಂದು ನಾವು ಪಥ್ಯದ ಐದನೆಯ ತಿಂಗಳಿನಲ್ಲಿದ್ದೆವು. ಈ ಅಪವಾದವನ್ನು ಬಹುಕಾಲ ನಾವೂ ನಂಬಿದ್ದೆವು; ಆದರೆ ಶಾಸ್ತ್ರಜ್ಞರು ಕಂಡುಹಿಡಿದುದು ಬೇರೆಯಾಗಿದೆ.

ಎರಡನೆಯ ಮಹಾಯುದ್ಧದ ಕೊನೆಗಾಲದಲ್ಲಿ, 1944-45ರಲ್ಲಿ, ಅಮೇರಿಕಾದ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿದ್ವಾಂಸರು ಆರೋಗ್ಯವಂತರಾದ 36 ಮಂದಿ ಯುವಕರನ್ನು ಆರು ತಿಂಗಳು ಅರೆಹೊಟ್ಟೆಯಲ್ಲಿರಿಸಿ ಪರೀಕ್ಷಿಸಿದರು. ಅವರು ತಾವಾಗಿ ಒಪ್ಪಿ ಬಂದವರು. ಮನಸ್ಸಿನ ಬಲದಲ್ಲಿ ಕಡಮೆಯಾದವರಲ್ಲ. ತೂಕದ ಕಾಲುಭಾಗವಿಳಿಯುವಷ್ಟರಲ್ಲಿ ಅವರಿಗೆ ಅನ್ನದ ಹೊರತು ಬೇರೆ ಯೋಚನೆಯಿಲ್ಲವಾಯಿತು. ಕೆಲವರು ಅಡಿಗೆಯ ಪುಸ್ತಕಗಳನ್ನು ಕಾದಂಬರಿಗಳಂತೆ ಓದತೊಡಗಿದರು. 1994ರಲ್ಲಿ ಜೆಫ್ರಿ ಫ್ರೀಡ್‌ಮನ್ ಎಂಬವರು ಕೊಬ್ಬಿನಿಂದಲೇ ಹೊರಟು, ಮನೆಯಲ್ಲಿ ದಾಸ್ತಾನು ಎಷ್ಟಿದೆಯೆಂದು ಮಿದುಳಿಗೆ ವರದಿಮಾಡುವ ಲೆಪ್ಟಿನ್ ಎಂಬ ರಸವನ್ನು ಕಂಡುಹಿಡಿದರು. 1999ರಲ್ಲಿ ಜಪಾನಿನ ವಿಜ್ಞಾನಿಗಳು ಜಠರದಿಂದ ಹೊರಟು ಹಸಿವನ್ನೆಬ್ಬಿಸುವ ಘ್ರೆಲಿನ್ ಎಂಬುದನ್ನು ತೋರಿಸಿದರು. ಇನ್ನು 2011ರಲ್ಲಿ ಆಸ್ಟ್ರೇಲಿಯದಲ್ಲಿ ಹತ್ತು ವಾರ ಕಠಿಣ ಪಥ್ಯಮಾಡಿದ 50 ಮಂದಿಯನ್ನು ಪರೀಕ್ಷಿಸಿದಾಗ, ಒಂದು ವರ್ಷ ಕಳೆದ ಮೇಲೂ ಅವರ ರಕ್ತದಲ್ಲಿ ಹಸಿವಿನ ರಸವು ಏರಿಯೇ ಇದ್ದು, ತೃಪ್ತಿಯ ರಸಗಳು ತಗ್ಗಿಯೇ ಇದ್ದುವು. ಎಂದರೆ, ಇಳಿದ ತೂಕವನ್ನು ಶರೀರವು ಕಳೆದುಕೊಂಡ ಸೊತ್ತೆಂದು ಎಣಿಸಿ, ಅದನ್ನು ಮರಳಿ ಪಡೆಯುವವರೆಗೂ ಹುಡುಕುತ್ತದೆ. ಬಾಯಿಯನ್ನು ಕಟ್ಟಬಹುದು, ರಕ್ತದಲ್ಲಿ ಹರಿಯುವ ಹಸಿವನ್ನು ಕಟ್ಟುವುದು ಯಾವ ಹಗ್ಗದಿಂದ?

ಶಸ್ತ್ರಚಿಕಿತ್ಸೆಯ ಪ್ರಸ್ತಾಪವು ನಮ್ಮಲ್ಲಿಗೆ ಬಂದುದು ಈ ದಾರಿಯಾಗಿ. ಇದು ಮೈಯಿಂದ ಕೊಬ್ಬನ್ನು ಕೊಯ್ದು ತೆಗೆಯುವ ಕೆಲಸವೆಂದು ಅನೇಕರು ಭಾವಿಸಿದ್ದಾರೆ, ಹಾಗಲ್ಲ. ಈಗ ಹೆಚ್ಚಾಗಿ ನಡೆಯುವ ಕ್ರಮಗಳು ಎರಡು. ಒಂದರಲ್ಲಿ ಜಠರದ ಮುಕ್ಕಾಲಿಗಿಂತಲೂ ಹೆಚ್ಚು ಭಾಗವನ್ನು ಕತ್ತರಿಸಿ ತೆಗೆದು, ಉಳಿದುದನ್ನು ಬಾಳೆಕಾಯಿಯಾಕಾರದ ಕೊಳವೆಯಂತೆ ಹೊಲಿಯುತ್ತಾರೆ. ತೆಗೆದ ಭಾಗವನ್ನು ಪುನಃ ಸೇರಿಸಲಾಗದು. ಇನ್ನೊಂದರಲ್ಲಿ ಜಠರದ ಮೇಲ್ತುದಿಯಲ್ಲಿ ಮೊಟ್ಟೆಯ ಗಾತ್ರದ ಚಿಕ್ಕ ಚೀಲವನ್ನು ಮಾಡಿ, ಕರುಳನ್ನು ಅದಕ್ಕೆ ಜೋಡಿಸಿ, ಉಂಡ ಅನ್ನವು ಹಳೆಯ ಜಠರವನ್ನೂ ಕರುಳಿನ ಮೊದಲ ಭಾಗವನ್ನೂ ಬಿಟ್ಟು ಸಾಗುವಂತೆ ಮಾಡುತ್ತಾರೆ. ಈ ಎರಡನೆಯ ಕ್ರಮದ ಮೂಲರೂಪವನ್ನು 1966ರಲ್ಲಿ ಅಯೋವಾದ ಎಡ್ವರ್ಡ್ ಮೇಸನ್ ಎಂಬ ಶಸ್ತ್ರವೈದ್ಯರು ನಡೆಸಿದರು. ಈಗ ಹೊಟ್ಟೆಯನ್ನು ಅಗಲವಾಗಿ ಸೀಳದೆ, ಸಣ್ಣ ರಂಧ್ರಗಳ ಮೂಲಕ ದೂರದರ್ಶಕವನ್ನಿಳಿಸಿ ಕೆಲಸವನ್ನು ಮುಗಿಸುತ್ತಾರೆ. ಜಾಗವು ಕಿರಿದಾಗುವುದರಿಂದ ಮಾತ್ರವಲ್ಲ, ಹಸಿವು ತೃಪ್ತಿಗಳ ರಸಗಳೇ ಬದಲಾಗುವುದರಿಂದ ಇದು ಫಲಿಸುತ್ತದೆ. ಪಥ್ಯದಿಂದ ಆಗದುದು ಇದರಿಂದ ಆಗುವ ಗುಟ್ಟು ಇಲ್ಲಿದೆ.

ಫಲದ ಸಾಕ್ಷ್ಯವೂ ದುರ್ಬಲವಲ್ಲ. ಸ್ವೀಡನ್ ದೇಶದಲ್ಲಿ 1987ರಿಂದ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ 2010 ಮಂದಿಯನ್ನೂ, ಅವರಂತೆಯೇ ಇದ್ದು ಮಾಡಿಸಿಕೊಳ್ಳದ 2037 ಮಂದಿಯನ್ನೂ ಗಮನಿಸುತ್ತ ಬಂದರು. 2007ರಲ್ಲಿ ಲೆಕ್ಕ ತೆಗೆದಾಗ ಮೊದಲಿನವರಲ್ಲಿ 101 ಮಂದಿಯೂ ಎರಡನೆಯವರಲ್ಲಿ 129 ಮಂದಿಯೂ ತೀರಿಹೋಗಿದ್ದರು. ಮಧುಮೇಹದ ವಿಷಯದಲ್ಲಿ ಅಮೇರಿಕಾದ ಕ್ಲೀವ್‌ಲ್ಯಾಂಡಿನಲ್ಲಿ ನಡೆದ ಪರೀಕ್ಷೆಯ ಐದು ವರ್ಷಗಳ ಫಲವು 2017ರಲ್ಲಿ ಪ್ರಕಟವಾಯಿತು. ಸಕ್ಕರೆಯು ಗೊತ್ತುಮಾಡಿದ ಮಟ್ಟಕ್ಕಿಳಿದವರು ಔಷಧಿಯೊಂದನ್ನೇ ನಂಬಿದವರಲ್ಲಿ ನೂರಕ್ಕೆ 5, ಜಠರವನ್ನು ಕಿರಿದುಮಾಡಿಸಿಕೊಂಡವರಲ್ಲಿ 23, ದಾರಿಯನ್ನು ಬದಲಾಯಿಸಿಕೊಂಡವರಲ್ಲಿ 29. ಎಲ್ಲರಿಗೂ ಗುಣವಾಗದೆಂಬುದನ್ನೂ ಇದೇ ಲೆಕ್ಕವು ಹೇಳುತ್ತದೆ.

ಇನ್ನು ಅಪಾಯಗಳನ್ನು ಮುಚ್ಚಿಡಲಾಗದು. 2009ರಲ್ಲಿ ಅಮೇರಿಕಾದಲ್ಲಿ 4776 ಮಂದಿಯ ಲೆಕ್ಕವನ್ನು ನೋಡಿದಾಗ ಮೂವತ್ತು ದಿನಗಳೊಳಗೆ ತೀರಿಕೊಂಡವರು ಸಾವಿರಕ್ಕೆ ಮೂವರು. ಹೊಲಿಗೆ ಸೋರಬಹುದು, ರಕ್ತವು ಹೆಪ್ಪುಗಟ್ಟಬಹುದು, ತೂಕವು ವೇಗವಾಗಿ ಇಳಿಯುವಾಗ ಪಿತ್ತಕೋಶದಲ್ಲಿ ಕಲ್ಲುಗಳಾಗಬಹುದು, ಕೆಲವು ತಿಂಗಳು ಕೂದಲುದುರಬಹುದು. ಮೊದಲ ವಾರಗಳು ದ್ರವಾಹಾರದಲ್ಲಿ, ಬಳಿಕ ಅರೆದ ಅನ್ನದಲ್ಲಿ ಕಳೆಯಬೇಕು. ಆಮೇಲೂ ಊಟದ ಮಧ್ಯೆ ನೀರು ಕುಡಿಯಲಾಗದು. ಸಿಹಿಯನ್ನು ತಿಂದರೆ ಎದೆ ಬಡಿದು, ಬೆವರಿ, ಮಲಗುವಂತಾಗಬಹುದು. ಕಬ್ಬಿಣ, ಸುಣ್ಣ, ಬಿ12, ಡಿ ಜೀವಸತ್ವಗಳ ಗುಳಿಗೆಗಳು ಬದುಕಿರುವವರೆಗೆ ತಪ್ಪವು. ಮಕ್ಕಳನ್ನು ಬಯಸುವ ತರುಣಿಯರು ಶಸ್ತ್ರಚಿಕಿತ್ಸೆಯ ಮೇಲೆ ಒಂದರಿಂದ ಒಂದೂವರೆ ವರ್ಷ ತಡೆಯಬೇಕು. ಕೆಲವರಲ್ಲಿ ವರ್ಷಗಳು ಕಳೆದಂತೆ ತೂಕವು ಸ್ವಲ್ಪ ಸ್ವಲ್ಪವಾಗಿ ಮರಳುವುದೂ ಉಂಟು.

ಈಗ ಸೂಜಿಮದ್ದುಗಳಿವೆಯಲ್ಲಾ ಎಂದು ಸ್ನೇಹಿತೆಯರು ಕೇಳುತ್ತಾರೆ. ಅದೂ ಸರಿಯಾದ ಪ್ರಶ್ನೆಯೇ. ಸೆಮಾಗ್ಲುಟೈಡ್ ಎಂಬುದರಿಂದ 68 ವಾರಗಳಲ್ಲಿ ಸರಾಸರಿ ನೂರಕ್ಕೆ 15ರಷ್ಟು ತೂಕವಿಳಿಯಿತೆಂದು 2021ರಲ್ಲಿ ಪ್ರಕಟವಾಯಿತು. 2025ರಲ್ಲಿ ಇಂತಹ ಮದ್ದುಗಳು ತೂಕವಿಳಿಸುವುದಕ್ಕೆಂದೇ ನಮ್ಮ ದೇಶಕ್ಕೂ ಬಂದುವು. ಆದರೆ ನಿಲ್ಲಿಸಿದವರಲ್ಲಿ ಒಂದು ವರ್ಷದೊಳಗೆ ಇಳಿದುದರ ಮೂರನೆಯ ಎರಡು ಭಾಗ ಮರಳಿತು. ಎಷ್ಟು ಕಾಲವೆಂದು ಗೊತ್ತಿಲ್ಲದ ತಿಂಗಳ ಖರ್ಚನ್ನು ಹೊರುವುದು ನಮ್ಮ ಸಂಸಾರಕ್ಕೆ ಸುಲಭವಲ್ಲ. ಶಸ್ತ್ರಚಿಕಿತ್ಸೆಗಾದರೋ, ಸೂಚ್ಯಂಕವು 40ನ್ನು ಮುಟ್ಟಿದವರಿಗೆ, ಇಲ್ಲವೆ 35ನ್ನು ದಾಟಿ ತೀವ್ರವಾದ ಬೇರೆ ರೋಗವುಳ್ಳವರಿಗೆ, ವೈದ್ಯರ ಸಲಹೆಯಿದ್ದಲ್ಲಿ, ವಿಮೆಯ ಸಹಾಯಕ್ಕೆ ಅವಕಾಶವುಂಟು. ನಮ್ಮ ಪಾಲಿಸಿಯ ಷರತ್ತುಗಳನ್ನು ಯಜಮಾನರು ಎರಡು ಸಂಜೆ ಕುಳಿತು ಓದಿ ಪೆನ್ಸಿಲಿನಿಂದ ಗುರುತುಹಾಕಿದ್ದಾರೆ.

ಮನೆಯಲ್ಲಿ ಎಲ್ಲರ ಮನಸ್ಸೂ ಒಂದಾಗಿಲ್ಲ. ನಮ್ಮ ತಾಯಿಯವರು 1965-66ರ ಕ್ಷಾಮದ ದಿನಗಳಲ್ಲಿ ರೇಶನ್ ಅಂಗಡಿಯ ಮುಂದೆ ಸಾಲಿನಲ್ಲಿ ನಿಂತವರು. ಅವರು, "ನಾವು ಹೊಟ್ಟೆ ತುಂಬಲಿಲ್ಲವೆಂದು ಅತ್ತವರು, ಮಗಾ. ಸರಿಯಿದ್ದ ಹೊಟ್ಟೆಯನ್ನು ನೀನು ದುಡ್ಡು ಕೊಟ್ಟು ಕೊಯ್ಯಿಸುವುದಾ?" ಎಂದರು. ಈ ಮಾತಿಗೆ ನಮ್ಮಲ್ಲಿ ತಟ್ಟನೆ ಉತ್ತರವಿರಲಿಲ್ಲ. 2019-21ರ ರಾಷ್ಟ್ರೀಯ ಕುಟುಂಬಾರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದ ಸ್ತ್ರೀಯರಲ್ಲಿ ನೂರಕ್ಕೆ 24 ಮಂದಿ ಮಿತಿಮೀರಿದ ತೂಕದವರು. ಸುಮಾರು 19 ಮಂದಿ ಇರಬೇಕಾದುದಕ್ಕಿಂತ ಕೃಶರು. ಒಂದೇ ಓಣಿಯಲ್ಲಿ ಎರಡೂ ದುಃಖಗಳು ಬಾಳುತ್ತಿವೆ; ಒಂದು ಇರುವುದರಿಂದ ಇನ್ನೊಂದು ಸುಳ್ಳಾಗುವುದಿಲ್ಲ. ಸರಿಯಿಲ್ಲದುದು ಹೊಟ್ಟೆಯೋ ಅದರ ಕರೆಯೋ ಎಂಬುದನ್ನು ನಾವು ಅವರಿಗೆ ಮೆಲ್ಲಮೆಲ್ಲನೆ ವಿವರಿಸಿದೆವು. ಅವರು ಒಪ್ಪಲಿಲ್ಲ, ಆದರೆ ಆಸ್ಪತ್ರೆಯಲ್ಲಿ ಜೊತೆಗೆ ಇರುವವರು ಯಾರೆಂದು ಕೇಳಿದರು. ಅವರ ಒಪ್ಪಿಗೆಯ ರೀತಿಯೇ ಅದು.

ನಮ್ಮನ್ನು ಎಲ್ಲಕ್ಕಿಂತ ಹೆಚ್ಚಾಗಿ ಕಲಕಿದುದು ಬೇರೊಂದು. ನಮ್ಮ ಕಿರಿಯ ಮಗಳು ಒಂಬತ್ತನೆಯ ತರಗತಿಯಲ್ಲಿದ್ದಾಳೆ. ತೂಕ 46 ಕಿಲೋ, ಆರೋಗ್ಯವಂತೆ. ಮದುವೆಯೊಂದರಲ್ಲಿ ನೆಂಟರೊಬ್ಬರು ಅವಳ ತಟ್ಟೆಯನ್ನು ನೋಡಿ, "ಈಗಲೇ ಜಾಗ್ರತೆ, ತಾಯಿಯ ಮೈ ನಿನ್ನದು" ಎಂದರಂತೆ. ಅಂದಿನಿಂದ ಅವಳ ಬುತ್ತಿಯ ಡಬ್ಬಿಯು ಅರ್ಧ ತುಂಬಿಯೇ ಮನೆಗೆ ಬರತೊಡಗಿತು. ಅವಳ ಗಣಿತದ ನೋಟುಪುಸ್ತಕದ ಕೊನೆಯ ಹಾಳೆಯಲ್ಲಿ ಕಿಲೋಗಳ ಲೆಕ್ಕವು, ನಮ್ಮ ಪುಸ್ತಕದಲ್ಲಿರುವಂತೆಯೇ ಗೆರೆಯೆಳೆದು, ದಿನಾಂಕಗಳೊಡನೆ ಬರೆದಿತ್ತು. ಕೇಳಿದರೆ, "ನನಗೂ ಆಪರೇಶನ್ ಮಾಡಿಸಬೇಕಾಗುತ್ತದಾ ಅಮ್ಮಾ?" ಎಂದಳು. ಬೆಳೆಯುವ ವಯಸ್ಸಿನಲ್ಲಿ ತೂಕವು ಏರಲೇಬೇಕೆಂಬುದನ್ನೂ, ತಾಯಿಯದು ರೋಗವೇ ಹೊರತು ಶಿಕ್ಷೆಯಲ್ಲವೆಂಬುದನ್ನೂ ಅವಳಿಗೆ ತಿಳಿಸಿದೆವು. ಅವಳನ್ನು ವೈದ್ಯರ ಬಳಿಗೂ ಕರೆದುಕೊಂಡು ಹೋದೆವು. ಅವರು ಅವಳ ಮಾತನ್ನು ಪೂರ್ತಿಯಾಗಿ ಕೇಳಿ, ಏನನ್ನೂ ಬಿಡಬೇಕಾಗಿಲ್ಲವೆಂದು ಧೈರ್ಯ ಹೇಳಿದರು. ಈಗ ಡಬ್ಬಿಯು ಹೆಚ್ಚಾಗಿ ಬರಿದಾಗಿಯೇ ಬರುತ್ತದೆ.

ಈ ಎಲ್ಲವನ್ನೂ ತೂಗಿ ನೋಡಿ ನಾವು ಶಸ್ತ್ರಚಿಕಿತ್ಸೆಯ ಕಡೆಗೇ ಮನಸ್ಸು ಮಾಡಿದ್ದೇವೆ. ನಮಗೆ ಹುಳಿತೇಗೂ ಎದೆಯುರಿಯೂ ಇರುವುದರಿಂದಲೂ, ಜಠರವನ್ನು ಕೊಳವೆಯಂತೆ ಮಾಡಿದರೆ ಅವು ಹೆಚ್ಚಬಹುದಾದುದರಿಂದಲೂ, ಮಧುಮೇಹವಿರುವುದರಿಂದಲೂ, ದಾರಿಯನ್ನು ಬದಲಾಯಿಸುವ ಕ್ರಮವೇ ತಕ್ಕುದೆಂದು ವೈದ್ಯರು ಸೂಚಿಸಿದ್ದಾರೆ. ಮಗಳ ಪರೀಕ್ಷೆ ಮುಗಿದ ಮೇಲೆ ದಿನವನ್ನು ಗೊತ್ತುಮಾಡಬೇಕು. ತೆಳ್ಳಗಿನ ಮೈ ನಮ್ಮ ಗುರಿಯಲ್ಲ. ರಾತ್ರಿ ಉಸಿರು ಕಟ್ಟದೆ ಮಲಗುವುದು, ಇನ್ಸುಲಿನ್ನಿನ ಸೂಜಿಯನ್ನು ಆದಷ್ಟು ದೂರವಿಡುವುದು, ಮಗಳ ಕಾಲೇಜು ವಿದ್ಯೆ ಮುಗಿಯುವವರೆಗೂ ಮೊಣಕಾಲುಗಳ ಮೇಲೆ ನಿಂತಿರುವುದು, ಇವಿಷ್ಟೇ ಬಯಕೆ. ಭಯವಿಲ್ಲವೆಂದು ಹೇಳಲಾರೆವು. ಸಾವಿರಕ್ಕೆ ಮೂವರೆಂಬುದು ಕಾಗದದ ಮೇಲೆ ಚಿಕ್ಕ ಅಂಕಿ. ನಡುರಾತ್ರಿಯಲ್ಲಿ ಅದು ದೊಡ್ಡದಾಗಿ ಕಾಣುತ್ತದೆ.

ನಮ್ಮಂತೆಯೇ ಆಲೋಚಿಸುತ್ತಿರುವ ಸಹೋದರಿಯರಿಗೆ ಒಂದು ಮಾತು. ನಿಮ್ಮ ವೈದ್ಯರನ್ನು ನಾಚದೆ ಕೇಳಿರಿ: ಯಾವ ಕ್ರಮ, ಏಕೆ, ಅವರು ಇಂತಹವನ್ನು ಎಷ್ಟು ನಡೆಸಿದ್ದಾರೆ, ಆಹಾರತಜ್ಞರೂ ಮನಸ್ಸಿನ ವೈದ್ಯರೂ ಜೊತೆಗಿರುವರೋ, ಐದು ವರ್ಷಗಳ ಮೇಲೆ ನಿಮ್ಮನ್ನು ನೋಡಿಕೊಳ್ಳುವವರು ಯಾರು. ಉತ್ತರಿಸಲು ಬೇಸರಪಡುವವರಲ್ಲಿ ಮಾಡಿಸಿಕೊಳ್ಳಬೇಡಿರಿ. ಬೇಡವೆಂದು ನಿಶ್ಚಯಿಸಿದರೂ ಅದು ಹೇಡಿತನವಲ್ಲ.

ಪೋಷಕರಲ್ಲಿ ನಮ್ಮ ವಿನಂತಿಯು ಇನ್ನೂ ಚಿಕ್ಕದು. ಮನೆಗೆ ಬಂದ ಹೆಣ್ಣುಮಗುವನ್ನು ಕಂಡಾಗ ಅವಳು ಏನನ್ನು ಓದುತ್ತಿದ್ದಾಳೆ, ಯಾವ ಆಟವನ್ನು ಆಡುತ್ತಾಳೆ, ಯಾರೊಡನೆ ಸ್ನೇಹವೆಂದು ಕೇಳಿರಿ. ಅವಳ ಮೈಯನ್ನು ಅಳೆಯುವ ಕೆಲಸವನ್ನು ಶಾಲೆಯ ವೈದ್ಯಪರೀಕ್ಷೆಗೆ ಬಿಡಿರಿ. ಬುತ್ತಿಯ ಡಬ್ಬಿಯು ತುಂಬಿಯೇ ಹಿಂದಿರುಗಿದರೆ, ಅಂದು ಸಾಯಂಕಾಲವೇ ಅವಳ ಬಳಿ ಕುಳಿತು ಕಾರಣವನ್ನು ಕೇಳಿರಿ.