ಹಳೆಯ ಲಾರಿಯ ಸಾರಥಿಗಳು

ಶ್ರೀನಿವಾಸಪುರ ಸೀಮೆಯ ಮಾವಿನ ಕೀರ್ತಿಯನ್ನು ಕೊಂಡಾಡುವವರು ಮಣ್ಣನ್ನೂ ತೋಟವನ್ನೂ ಹೊಗಳುವರೇ ಹೊರತು, ಆ ಫಲವನ್ನು ಕೆಡುವ ಮುನ್ನ ದೂರದ ಮಂಡಿಗಳಿಗೆ ಮುಟ್ಟಿಸಿದ ಲಾರಿಯನ್ನೂ ಅದರ ಸಾರಥಿಯನ್ನೂ ಸ್ಮರಿಸುವವರು ವಿರಳ. ಗೌನಿಪಲ್ಲಿಯಲ್ಲಿ ಸುಗ್ಗಿಯ ದಿನಗಳಲ್ಲಿ, ಲೋಡು ತುಂಬಿ ತಾರ್ಪಾಲು ಬಿಗಿಯುವವರೆಗೆ ಕಾಯುತ್ತ ಕುಳಿತ ತರುಣರ ನಡುವೆ ಇಬ್ಬರು ಮೂವರು ವೃದ್ಧ ಡ್ರೈವರುಗಳು ಸೇರಿದರೆಂದರೆ, ಅರ್ಧ ಕನ್ನಡ ಅರ್ಧ ತೆಲುಗಿನಲ್ಲಿ ಹರಿಯುವ ಅವರ ಸಂಭಾಷಣೆ ಮುಂದಕ್ಕೆ ಮೂತಿ ಚಾಚಿದ ಹಳೆಯ ಲಾರಿಗಳನ್ನು ಬಿಟ್ಟು ಕದಲುವುದಿಲ್ಲ.

"ಹ್ಯಾಂಡಲ್ ಹೊಡೆಯೋವಾಗ ಕೈ ಹೇಗಿಡ್ತಿದ್ರಿ ತಾತ?" ಎಂದು ಹುಡುಗನೊಬ್ಬನು ಕೇಳಿದರೆ ಸಾಕು, "ಹೆಬ್ಬೆಟ್ಟು ಬೆರಳುಗಳ ಕಡೆಗೇ ಇರ್ಬೇಕು ಕಣಪ್ಪ, ಸುತ್ತಿ ಹಿಡಿದ್ಯೋ, ಮಣಿಕಟ್ಟು ಹೋಯ್ತು" ಎಂದು ಹಿರಿಯರು ಬರಿಗೈಯಲ್ಲೇ ಅಭಿನಯಿಸಿ ತೋರಿಸುವರು. ಷೆವರ್ಲೆ, ಡಾಡ್ಜ್, ಬೆಡ್‌ಫರ್ಡ್ ಎಂಬ ಪೆಟ್ರೋಲ್ ಗಾಡಿಗಳ ಎಂಜಿನ್ನು ಒಮ್ಮೊಮ್ಮೆ ವಿರುದ್ಧ ದಿಕ್ಕಿಗೆ ಒದೆಯುತ್ತಿದ್ದುದರಿಂದ, ಕ್ಲೀನರನ ವಿದ್ಯಾಭ್ಯಾಸ ಆ ಹೆಬ್ಬೆರಳಿನಿಂದಲೇ ಆರಂಭವಾಗುತ್ತಿತ್ತು. ಟೆಲ್ಕೋ ಸಂಸ್ಥೆಯು 1954ರಲ್ಲಿ ಜರ್ಮನಿಯ ಡೈಮ್ಲರ್-ಬೆಂಜ್ ಸಹಯೋಗದಿಂದ ಜಮ್‌ಶೆಡ್‌ಪುರದಲ್ಲಿ ನಿರ್ಮಿಸತೊಡಗಿದ ಡೀಸೆಲ್ ಲಾರಿಯೂ, ಮದರಾಸಿನ ಎಣ್ಣೂರಿನಿಂದ ಬಂದ ಲೇಲ್ಯಾಂಡ್ ಕಾಮೆಟ್ಟೂ ಕ್ರಮೇಣ ಅವುಗಳ ಸ್ಥಾನವನ್ನು ಆಕ್ರಮಿಸಿದವು. ಆ ಸಹಯೋಗ 1969ರಲ್ಲಿ ಮುಗಿದು ಮೂರು ಕೋಡಿನ ನಕ್ಷತ್ರ ಲಾರಿಯ ಮುಖದಿಂದ ಮರೆಯಾದರೂ, ಈ ಹಿರಿಯರಿಗೆ ಅದು ಇಂದಿಗೂ ಬೆಂಜ್ ಗಾಡಿಯೇ.

ಮುಳಬಾಗಿಲು, ನಂಗಲಿಗಳನ್ನು ದಾಟಿ ಪಲಮನೇರಿನಾಚೆಯ ಮೊಗಿಲಿ ಘಾಟಿಯನ್ನು ಇಳಿಯುವುದೇ ಅವರ ಪಾಲಿಗೆ ನಿಜವಾದ ಪರೀಕ್ಷೆಯಾಗಿತ್ತು. ಕ್ಲಚ್ಚನ್ನು ಒಮ್ಮೆ ತುಳಿದು ಗೇರನ್ನು ನ್ಯೂಟ್ರಲ್ಲಿಗೆ ತಂದು, ಕಾಲು ಬಿಟ್ಟು, ಎಂಜಿನ್ನಿನ ವೇಗವನ್ನು ಕಿವಿಯಿಂದಲೇ ಅಳೆದು ಆಕ್ಸಿಲರೇಟರನ್ನು ಒತ್ತಿ, ಮರಳಿ ಕ್ಲಚ್ಚು ತುಳಿದು ಕೆಳಗಿನ ಗೇರಿಗೆ ಇಳಿಸಬೇಕಾಗಿದ್ದ ಆ ಕ್ರಿಯೆಯಲ್ಲಿ ಕ್ಷಣಮಾತ್ರದ ಅಪಶ್ರುತಿ ಉಂಟಾದರೂ ಗೇರಿನ ಹಲ್ಲುಗಳು ಕರ್ಕಶವಾಗಿ ಆರ್ಭಟಿಸುತ್ತಿದ್ದವು. ನುರಿತ ವೈಣಿಕನು ಶ್ರುತಿಯನ್ನು ಗ್ರಹಿಸುವಂತೆ ಎಂಜಿನ್ನಿನ ನಾದವನ್ನು ಗ್ರಹಿಸದವನಿಗೆ ಘಾಟಿಯ ಲೋಡನ್ನು ಒಪ್ಪಿಸುವವರೇ ಇರಲಿಲ್ಲ. ಬ್ರೇಕನ್ನೇ ನಂಬಿ ಇಳಿದವನ ಡ್ರಮ್ಮು ಕಾದು ಬ್ರೇಕು ಹಿಡಿಯುತ್ತಿರಲಿಲ್ಲ. ಹತ್ತುವಾಗ ಕ್ಲೀನರನು ಮರದ ತುಂಡನ್ನು ಹಿಡಿದು ಹಿಂದಿನ ಚಕ್ರದ ಪಕ್ಕದಲ್ಲೇ ನಡೆಯುತ್ತಿದ್ದನು, ಲಾರಿ ನಿಂತೊಡನೆ ಅಡ್ಡವಿಡಲು.

ಪವರ್ ಸ್ಟೇರಿಂಗಿಲ್ಲದ ಆ ಗಾಡಿಗಳು ಭುಜಗಳನ್ನು ಸವೆಸಿದುವೆಂಬುದೂ, ಎಂಜಿನ್ನಿನ ಕಾವು ಕ್ಯಾಬಿನ್ನಿನಲ್ಲಿ ಕುಳಿತವರ ಕಾಲುಗಳನ್ನು ಬೇಯಿಸಿತೆಂಬುದೂ ಸತ್ಯವೇ. ಅವು ಮರಳಿ ಬರಲೆಂದು ನಾನು ಬಯಸುವವನಲ್ಲ. ಆದರೆ ಆ ಕಬ್ಬಿಣವು ಕಲಿಸಿದ ಏಕಾಗ್ರತೆಯನ್ನು ನಾನು ಪೂಜ್ಯಭಾವದಿಂದಲೇ ಕಾಣುತ್ತೇನೆ. ಡೀಸೆಲ್ ಪೈಪಿನಲ್ಲಿ ಗಾಳಿ ಸೇರಿ ಎಂಜಿನ್ನು ನಿಂತರೆ, ನಡುರಾತ್ರಿಯಲ್ಲಿ ಟಾರ್ಚಿನ ಬೆಳಕಿನಲ್ಲಿ ತಿರುಪು ಸಡಿಲಿಸಿ, ಕೈಪಂಪನ್ನು ಒತ್ತಿ ಗಾಳಿ ಹೊರಡಿಸಿ, ಕೆಳಪದರದ ಹಣ್ಣು ಕಾವಿಗೆ ಕೆಡುವ ಮುನ್ನ ಚಿತ್ತೂರಿನ ರಸದ ಕಾರ್ಖಾನೆಗೆ ತೋತಾಪುರಿಯನ್ನು ತಲುಪಿಸಿದವರು ಅಕ್ಷರಾಭ್ಯಾಸವನ್ನು ಅಷ್ಟಾಗಿ ಕಂಡವರಲ್ಲ.

ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯದಲ್ಲಿ ಹಳೆಯ ಕಾರುಗಳಿಗೆ ಗೌರವದ ಸ್ಥಾನ ದೊರೆತಿದೆ. ಹಳೆಯ ಲಾರಿಗೆ ಪ್ರಾಪ್ತವಾಗುವುದು ಗುಜರಿಯವನ ಗ್ಯಾಸ್ ಕಟರ್. 1964ರಲ್ಲಿ ಸ್ಥಾಪಿತವಾದ ಬಿ.ಇ.ಎಂ.ಎಲ್. ಬೃಹದ್ಯಂತ್ರಗಳನ್ನು ತಯಾರಿಸುವುದು ಇದೇ ಜಿಲ್ಲೆಯ ಕೆ.ಜಿ.ಎಫ್.ನಲ್ಲಿ, ಇಂತಹ ನೆಲದಲ್ಲಿ ಒಂದು ಬೆಂಜ್ ಗಾಡಿಯನ್ನಾದರೂ ಚಾಲನೆಯ ಸ್ಥಿತಿಯಲ್ಲಿ ಉಳಿಸಿಕೊಳ್ಳುವುದು ಅಸಾಧ್ಯವಾಗಲಾರದು. ಶ್ರೀನಿವಾಸಪುರದ ಮಾವಿನ ಮಾರುಕಟ್ಟೆಯ ಬಳಿ ಒಂದು ತಗಡಿನ ಚಪ್ಪರವಿದ್ದರೂ ಸಾಕು. ಗೇರು ಬದಲಿಸುವುದನ್ನು ತರುಣರಿಗೆ ಕೈಹಿಡಿದು ಕಲಿಸಬಲ್ಲವರು ಗೌನಿಪಲ್ಲಿಯಲ್ಲಿ ಇನ್ನೂ ಇದ್ದಾರೆ, ಆದರೆ ಅವರಲ್ಲಿ ಕಿರಿಯರಿಗೂ ಎಪ್ಪತ್ತು ದಾಟಿದೆ.