ದಾದಿಯ ಮೊಣಕಾಲಿನ ಅಳತೆ

ನಮ್ಮ ದಾದಿ ಊರಿಗೆ ಹೊರಡುವ ಹಿಂದಿನ ರಾತ್ರಿಯಿಂದಲೇ ನೀರು ಕುಡಿಯುವುದನ್ನು ಕಡಿಮೆ ಮಾಡುತ್ತಾರೆ. ಬೆಳಿಗ್ಗೆ ಅರ್ಧ ಲೋಟ ಚಹಾ, ಅಷ್ಟೇ. ದಾರಿಯಲ್ಲಿ ಶೌಚಾಲಯ ಸಿಗುತ್ತದೋ ಇಲ್ಲವೋ, ಸಿಕ್ಕರೂ ಅಲ್ಲಿ ಕೂತು ಏಳಲು ಆಗುತ್ತದೋ ಇಲ್ಲವೋ ಎಂಬ ಭಯ ಅವರಿಗೆ. ನಮ್ಮ ತರಗತಿಯ ಗೆಳತಿಯರನ್ನು ಕೇಳಿದೆ. ಹಲವರ ಮನೆಯಲ್ಲಿ ಅಜ್ಜಿಯಂದಿರು ಹೀಗೇ ಮಾಡುತ್ತಾರಂತೆ. ಯಾರೂ ಇದನ್ನು ಬಾಯಿಬಿಟ್ಟು ಹೇಳುವುದಿಲ್ಲ. "ನನಗೆ ಬರಲು ಮನಸ್ಸಿಲ್ಲ, ನೀವು ಹೋಗಿ ಬನ್ನಿ" ಎಂದುಬಿಡುತ್ತಾರೆ. ನಾವೂ ನಂಬಿ ಹೊರಟುಬಿಡುತ್ತೇವೆ.

ದಾದಿಯ ಅಕ್ಕ ವಿಜಯಪುರದಲ್ಲಿದ್ದಾರೆ. ಎಂಬತ್ತು ದಾಟಿದೆ, ಹಾಸಿಗೆ ಹಿಡಿದಿದ್ದಾರೆ. ನಾಲ್ಕು ವರ್ಷದಿಂದ ಅಕ್ಕತಂಗಿಯರ ಭೇಟಿ ಎಂದರೆ ವಿಡಿಯೋ ಕಾಲ್ ಮಾತ್ರ. ಅವರಿಗೆ ಕಿವಿ ಕೇಳಿಸದು, ಇವರಿಗೆ ಫೋನ್ ಹಿಡಿಯಲು ಬಾರದು. ಒಬ್ಬರ ಹಣೆಯನ್ನು ಇನ್ನೊಬ್ಬರು ನೋಡುತ್ತಾ ಇಬ್ಬರೂ ಅಳುತ್ತಾರೆ. ತುಮಕೂರಿನಿಂದ ವಿಜಯಪುರಕ್ಕೆ ನಾನೂರು ಕಿಲೋಮೀಟರಿಗೂ ಹೆಚ್ಚು. ದಾದಿಗೆ ಎರಡೂ ಮೊಣಕಾಲು ಸವೆದಿವೆ. ದಾದಾಗೆ ಸಕ್ಕರೆ ಕಾಯಿಲೆ, ದಿನವೂ ಇನ್ಸುಲಿನ್ ಬೇಕು. ಬಸ್ಸು ಹತ್ತಲು ಆಗದು, ರೈಲಿನ ಮೆಟ್ಟಿಲು ಇನ್ನೂ ಕಷ್ಟ.

ಅಬ್ಬಾ ಬಾಡಿಗೆಗೆ ಓಡಿಸುತ್ತಿದ್ದ ಹಳೆಯ ಟೆಂಪೋ ಟ್ರಾವೆಲರ್ ಮನೆಯ ಮುಂದೆ ನಿಂತಿತ್ತು. ಹಳದಿ ಬೋರ್ಡ್ ತೆಗೆಸಿ ಸ್ವಂತ ವಾಹನ ಮಾಡಿಸಿಕೊಂಡು ಒಂದು ವರ್ಷವಾಗಿತ್ತು. ನಮ್ಮ ಚಾಚಾಗೆ ಸೀಟು, ಕುಶನ್ ಹೊಲಿಯುವ ಅಂಗಡಿ ಇದೆ. ಅವರೇ ಒಂದು ರಾತ್ರಿ ಊಟಕ್ಕೆ ಕೂತಾಗ, "ಭಾಯಿ, ಇದನ್ನು ಅಮ್ಮಾಗೆ ತಕ್ಕ ಹಾಗೆ ಮಾಡೋಣ" ಎಂದರು. ಫೋನಿನಲ್ಲಿ ಅಮೆರಿಕದ ವಿಡಿಯೋಗಳನ್ನೂ ತೋರಿಸಿದರು. ಅಲ್ಲಿ ನಿವೃತ್ತರಾದವರು ಆರ್‌ವಿ ಎಂಬ ಮನೆಯಂತಹ ಗಾಡಿಯಲ್ಲಿ ತಿಂಗಳುಗಟ್ಟಲೆ ಸುತ್ತುತ್ತಾರೆ. ವಿನ್ನೆಬಾಗೊ ಎಂಬ ಕಂಪನಿಯಂತೂ ಗಾಲಿಕುರ್ಚಿ ಬಳಸುವವರಿಗೆಂದೇ ಲಿಫ್ಟ್ ಇರುವ ಮಾದರಿಗಳನ್ನು ಮಾಡಿದೆ. ಆಸ್ಟ್ರೇಲಿಯಾದಲ್ಲಿ ಹೀಗೆ ಸುತ್ತುವ ಹಿರಿಯರನ್ನು ಗ್ರೇ ನೋಮ್ಯಾಡ್ ಎನ್ನುತ್ತಾರೆ, ಅಂದರೆ ನರೆಗೂದಲ ಅಲೆಮಾರಿಗಳು. ಪಕ್ಕದ ಕೇರಳ ಸರ್ಕಾರವೂ 2021ರಲ್ಲಿ ಕ್ಯಾರವಾನ್ ಪ್ರವಾಸಕ್ಕೆ ನೀತಿ ತಂದಿದೆ. ವಿಡಿಯೋ ನೋಡಿದ ದಾದಿ, "ಗಾಡಿಯೊಳಗೆ ಇಷ್ಟು ದೊಡ್ಡ ಟಿವಿ ಏಕೆ? ಹಿಡಿದುಕೊಳ್ಳಲು ಒಂದು ಕಂಬಿ ಇಲ್ಲವಲ್ಲ" ಎಂದರು. ನಮ್ಮ ಕೆಲಸ ಶುರುವಾದದ್ದು ಆ ಮಾತಿನಿಂದ.

ಮೊದಲು ಕಾಗದದ ಕೆಲಸ. ಸೀಟು ಕಿತ್ತು ಒಳಗಿನ ರೂಪ ಬದಲಿಸಬೇಕಾದರೆ ಆರ್‌ಟಿಒ ಅನುಮತಿ ಬೇಕು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಅದನ್ನೇ ಹೇಳುತ್ತದೆ. ಅಬ್ಬಾ ಅರ್ಜಿ ಕೊಟ್ಟು, ಸೀಟುಗಳ ಸಂಖ್ಯೆ ಕಡಿಮೆ ಮಾಡಿಸಿ, ಆರ್‌ಸಿಯಲ್ಲಿ ನಮೂದಾದ ಮೇಲೆಯೇ ಚಾಚಾ ಸ್ಪ್ಯಾನರ್ ಮುಟ್ಟಿದ್ದು.

ಅಳತೆಯ ಕೆಲಸ ನನ್ನದು. ದಾದಿ ಗಂಡಸರ ಕೈಯಲ್ಲಿ ಕಾಲು ಅಳೆಸಿಕೊಳ್ಳುತ್ತಾರೆಯೇ? ಅಮ್ಮಿಯ ಹೊಲಿಗೆ ಟೇಪು ತೆಗೆದುಕೊಂಡು ಹೋದೆ. ಪಾದದಿಂದ ಮೊಣಕಾಲಿನ ಹಿಂದಿನ ಮಡಿಕೆಯವರೆಗೆ 16 ಇಂಚು. ಆಸನದ ಎತ್ತರವೂ ಅಷ್ಟೇ ಇದ್ದರೆ ಪಾದ ನೆಲಕ್ಕೆ ಪೂರ್ತಿ ತಾಗುತ್ತದೆ, ಆದರೆ ನೋವಿರುವ ಮೊಣಕಾಲಿಗೆ ಏಳುವಾಗ ಕಷ್ಟ. ಆಸನ ಸ್ವಲ್ಪ ಎತ್ತರವಿದ್ದಷ್ಟೂ ಮೊಣಕಾಲು ಕಡಿಮೆ ಮಡಿಯುತ್ತದೆ, ಏಳಲು ಬೇಕಾಗುವ ಬಲವೂ ಕಡಿಮೆ. ಹಾಗಾಗಿ ಮಂಚವನ್ನು ಹಾಸಿಗೆ ಸೇರಿ 18 ಇಂಚಿಗೆ ನಿಲ್ಲಿಸಿದೆವು. ಹಾಸಿಗೆಯೂ ಗಟ್ಟಿಯದು. ಮೆತ್ತನೆಯ ಹಾಸಿಗೆಯಲ್ಲಿ ಕುಸಿದು ಕೂತರೆ ಆ ಎರಡು ಇಂಚು ಹೋಗಿಬಿಡುತ್ತದೆ. ಮಂಚದ ಕೆಳಗಿನ ಪೆಟ್ಟಿಗೆಯಲ್ಲಿ ಭಾರದ ಸಾಮಾನು ಇಟ್ಟೆವು. ದಿನವೂ ಬೇಕಾಗುವ ಮಾತ್ರೆ, ಕನ್ನಡಕ, ಶಾಲುಗಳಿಗೆ ಸೊಂಟದೆತ್ತರದಲ್ಲಿ ಒಂದು ಗೂಡು. ಬಗ್ಗುವಂತಿಲ್ಲ, ಕೈ ಮೇಲೆತ್ತುವಂತಿಲ್ಲ.

ನಿಜವಾದ ತಲೆನೋವು ಬಾಗಿಲಿನದು. ನೆಲದಿಂದ ಮೊದಲ ಮೆಟ್ಟಿಲಿಗೆ 15 ಇಂಚು ಇತ್ತು. ಮನೆಯ ಮೆಟ್ಟಿಲು ಏಳು ಇಂಚು. ಅಂದರೆ ದಾದಿ ಒಂದೇ ಹೆಜ್ಜೆಯಲ್ಲಿ ಎರಡು ಮೆಟ್ಟಿಲು ಹತ್ತಬೇಕು. ಹಿಂದೆಲ್ಲ ಅಬ್ಬಾ ಮತ್ತು ಚಾಚಾ ಎರಡೂ ಕಡೆ ಕಂಕುಳಿಗೆ ಕೈ ಹಾಕಿ ಎತ್ತುತ್ತಿದ್ದರು. ಬೀದಿಯವರೆಲ್ಲ ನೋಡುತ್ತಿದ್ದರು. ದಾದಿ ದುಪಟ್ಟಾ ಸರಿಮಾಡಿಕೊಳ್ಳುತ್ತಾ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಅವರು ಪ್ರಯಾಣ ಬಿಟ್ಟದ್ದು ಮೊಣಕಾಲಿಗಿಂತ ಹೆಚ್ಚಾಗಿ ಇದರಿಂದಲೇ ಎಂದು ನನಗೆ ಅನ್ನಿಸುತ್ತದೆ.

ಚಾಚಾ ಕಬ್ಬಿಣದ ಚೌಕಟ್ಟಿನಲ್ಲಿ ಒಂದು ಬಿಡಿ ಮೆಟ್ಟಿಲು ಮಾಡಿಸಿದರು. ಏಳೂವರೆ ಇಂಚು ಎತ್ತರ, ಎರಡೂ ಪಾದ ಒಟ್ಟಿಗೆ ಇಟ್ಟು ಸುಧಾರಿಸಿಕೊಳ್ಳುವಷ್ಟು ಅಗಲ, ನಾಲ್ಕೂ ಕಾಲಿಗೆ ರಬ್ಬರ್ ಬುಷ್. ಬಾಗಿಲಿನ ಪಕ್ಕ ಹೊರಗೊಂದು, ಒಳಗೊಂದು ಹಿಡಿಕೆ. ತೆಳು ತಗಡಿಗೆ ತಿರುಪು ಹಾಕಿದರೆ ಮೈಭಾರಕ್ಕೆ ಕಿತ್ತು ಬರುತ್ತದೆ, ಆದ್ದರಿಂದ ಒಳಗಿನ ಚೌಕಟ್ಟು ಹುಡುಕಿ ಅದಕ್ಕೇ ಬೋಲ್ಟ್ ಹಾಕಿದರು. ಪೈಪು ಒಂದೂಕಾಲು ಇಂಚಿನದು. ಅದಕ್ಕಿಂತ ದಪ್ಪವಾದರೆ ದಾದಿಯ ಬೆರಳು ಸುತ್ತುವುದಿಲ್ಲ, ತೆಳುವಾದರೆ ಹಿಡಿತ ಸಿಗುವುದಿಲ್ಲ. ದಾದಾಗೆ ಒಂದು ಕಣ್ಣಿನಲ್ಲಿ ಪೊರೆ ಇದೆ, ಆಳ ತಿಳಿಯುವುದಿಲ್ಲ. ಅವರಿಗಾಗಿ ಪ್ರತಿ ಮೆಟ್ಟಿಲಿನ ಅಂಚಿಗೂ ಹಳದಿ ಟೇಪ್ ಅಂಟಿಸಿದೆ. ನೆಲದ ಚಾಪೆಗಳನ್ನು ಕಾಲಿಗೆ ಸಿಕ್ಕಿಕೊಳ್ಳುತ್ತವೆ ಎಂದು ತೆಗೆದುಹಾಕಿದೆವು.

ಸೀಟು ಎಲ್ಲಿರಬೇಕು ಎಂಬ ವಿಷಯಕ್ಕೆ ನನ್ನ ಭೌತಶಾಸ್ತ್ರ ಉಪಯೋಗಕ್ಕೆ ಬಂತು. ಹಿಂದಿನ ಚಕ್ರ ಗುಂಡಿಗೆ ಬಿದ್ದಾಗ ಗಾಡಿ ಮುಂದಿನ ಅಚ್ಚನ್ನು ಆಧಾರವಾಗಿಟ್ಟುಕೊಂಡು ಸನ್ನೆಕೋಲಿನಂತೆ ಆಡುತ್ತದೆ. ಹಿಂದಿನ ಚಕ್ರಕ್ಕಿಂತಲೂ ಹಿಂದೆ ಕೂತವರು ಎಲ್ಲರಿಗಿಂತ ಹೆಚ್ಚು ಎಗರುತ್ತಾರೆ. ಕಾಲೇಜು ಪ್ರವಾಸದಲ್ಲಿ ಕೊನೆಯ ಸೀಟಿಗೆ ಜಗಳವಾಡುವವರು ಇದನ್ನು ಗಮನಿಸಬಹುದು! ಆದ್ದರಿಂದ ದಾದಾ ದಾದಿಯ ಸೀಟುಗಳನ್ನು ಎರಡು ಅಚ್ಚುಗಳ ನಡುವೆ ಇಟ್ಟೆವು. ಗಾಡಿ ಓಡುವಾಗ ಎಲ್ಲರೂ ಬೆಲ್ಟ್ ಹಾಕಿ ಕೂರಲೇಬೇಕು, ಮಂಚ ಇರುವುದು ನಿಂತಾಗ ಮಲಗಲು ಮಾತ್ರ ಎಂಬುದು ಅಬ್ಬಾನ ಕಟ್ಟಪ್ಪಣೆ.

ಇನ್ನು ಶೌಚದ ವ್ಯವಸ್ಥೆ. ಮೆಡಿಕಲ್ ಅಂಗಡಿಯಲ್ಲಿ ಸಿಗುವ ಬಕೆಟ್ ಇರುವ ಕಮೋಡ್ ಕುರ್ಚಿಯೊಂದನ್ನು ತಂದು ಹಿಂದಿನ ಮೂಲೆಯಲ್ಲಿ ಬೆಲ್ಟಿನಿಂದ ಬಿಗಿದರು. ಮೂರು ಕಡೆ ದಪ್ಪ ಪರದೆ, ಎರಡೂ ಕಡೆ ಹಿಡಿಕೆ. 20 ಲೀಟರ್ ಕ್ಯಾನಿಗೆ ನಲ್ಲಿ ಕೂರಿಸಿ, ಕೂತಲ್ಲಿಂದಲೇ ಕೈಗೆ ಸಿಗುವ ಎತ್ತರದಲ್ಲಿಟ್ಟೆವು. ಕೂತುಕೊಂಡೇ ವುಝೂ ಮಾಡಲೂ ಅದೇ ನಲ್ಲಿ ಆಯಿತು. ಅಮ್ಮಿ ಪರದೆಗೆ ಒಳಗಿನಿಂದ ಹಾಕಿಕೊಳ್ಳುವ ಕೊಕ್ಕೆಯನ್ನೂ ಹೊಲಿದರು. ಗಾಡಿಯೊಳಗೆ ಯಾರು ಬರುತ್ತಾರೆ ಎಂದು ನಾನು ಕೇಳಿದೆ. "ಯಾರೂ ಬರುವುದಿಲ್ಲ, ಆದರೆ ಕೊಕ್ಕೆ ಇದ್ದರೆ ಧೈರ್ಯ" ಎಂದರು.

ಗ್ಯಾಸ್ ಸಿಲಿಂಡರ್ ಒಳಗೆ ಇಡಲು ಚಾಚಾ ಒಪ್ಪಲಿಲ್ಲ. ಮುಚ್ಚಿದ ಗಾಡಿಯಲ್ಲಿ ಒಲೆ ಉರಿಸಿದರೆ ಕಾರ್ಬನ್ ಮೊನಾಕ್ಸೈಡ್ ಸೇರಿಕೊಳ್ಳಬಹುದು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಾತ್ರಿಯ ಫ್ಯಾನಿಗೂ ದೀಪಕ್ಕೂ ಬೇರೆ ಬ್ಯಾಟರಿ ಇಟ್ಟರು: 12 ವೋಲ್ಟ್, 100 ಆಂಪಿಯರ್ ಅವರ್. ಲೆಕ್ಕದ ಪ್ರಕಾರ 1200 ವ್ಯಾಟ್ ಅವರ್, ಆದರೆ ಇಂಥ ಬ್ಯಾಟರಿಯನ್ನು ಅರ್ಧಕ್ಕಿಂತ ಹೆಚ್ಚು ಖಾಲಿ ಮಾಡಿದರೆ ಬೇಗ ಹಾಳಾಗುತ್ತದೆ. 15 ವ್ಯಾಟಿನ ಫ್ಯಾನ್ ಎಂಟು ಗಂಟೆ ತಿರುಗಿದರೆ 120, ಕಾಲಬುಡದ ಸಣ್ಣ ದೀಪಕ್ಕೆ 50. ಎರಡು ರಾತ್ರಿ ಧಾರಾಳ. ದಾದಾನ ಇನ್ಸುಲಿನ್‌ಗೆ ಐಸ್ ಪೆಟ್ಟಿಗೆ. ಐಸ್‌ಗೆ ನೇರ ತಾಗಿ ಹೆಪ್ಪುಗಟ್ಟಿದ ಇನ್ಸುಲಿನ್ ಬಳಸುವಂತಿಲ್ಲವಾದ್ದರಿಂದ ಟವೆಲ್ ಸುತ್ತಿ ಇಟ್ಟೆವು.

ದಸರಾ ರಜೆಯಲ್ಲಿ ಹೊರಟೆವು. ಎರಡು ಗಂಟೆಗೊಮ್ಮೆ ನಿಲ್ಲಿಸಿ ಇಬ್ಬರನ್ನೂ ಹತ್ತು ನಿಮಿಷ ನಡೆಸುತ್ತಿದ್ದೆವು. ಬಹಳ ಹೊತ್ತು ಕಾಲು ಇಳಿಬಿಟ್ಟು ಕೂತರೆ ವಯಸ್ಸಾದವರಿಗೆ ರಕ್ತ ಹೆಪ್ಪುಗಟ್ಟುವ ಅಪಾಯವಿದೆ. ಚಿತ್ರದುರ್ಗ ದಾಟಿದ ಮೇಲೆ ದಾದಿ ತಾವಾಗಿಯೇ ನೀರಿನ ಬಾಟಲಿ ಕೇಳಿದರು. ಅಮ್ಮಿ ನನ್ನ ಮುಖ ನೋಡಿದರು, ಇಬ್ಬರೂ ಏನೂ ಹೇಳಲಿಲ್ಲ. ರಾತ್ರಿ ಹೊಸಪೇಟೆಯಲ್ಲಿ ಅಬ್ಬಾನ ಗೆಳೆಯರ ಮನೆ. ಅದು ಎರಡನೇ ಮಹಡಿ. ದಾದಾ ದಾದಿ ಕೆಳಗೆ ಗಾಡಿಯಲ್ಲೇ ಮಲಗಿದರು, ಅವರ ಜೊತೆ ನಾನು. ಮರುದಿನ ಕುಷ್ಟಗಿ, ಇಳಕಲ್. ಆಲಮಟ್ಟಿ ಹತ್ತಿರ ಕೃಷ್ಣೆ ದಾಟುವಾಗ ದಾದಿ ಪರದೆ ಸರಿಸಿ ಇಷ್ಟು ನೀರೇ ಎಂದು ಬೆರಗಾದರು.

ಅಕ್ಕನ ಮನೆಯ ಮುಂದೆ ಅಬ್ಬಾ ಕೈ ಕೊಡಲು ಹೋದಾಗ ದಾದಿ, "ಬಿಡು, ಕಂಬಿ ಇದೆಯಲ್ಲ" ಎಂದು ಒಂದೊಂದೇ ಹೆಜ್ಜೆ ಇಟ್ಟು ತಾವೇ ಇಳಿದರು. ಒಳಗೆ ಅಕ್ಕತಂಗಿಯರು ಹೆಚ್ಚು ಮಾತಾಡಲಿಲ್ಲ. ದಾದಿ ಮಂಚದ ಅಂಚಿನಲ್ಲಿ ಕೂತು ಅಕ್ಕನ ಜಡೆ ಬಿಚ್ಚಿ ಎಣ್ಣೆ ಹಚ್ಚಿದರು. ಮೂರು ದಿನವೂ ಅದೇ ಕೆಲಸ.

ಗಾಡಿಯಲ್ಲಿ ಕೊರತೆಗಳು ಇನ್ನೂ ಇವೆ. ಮಧ್ಯಾಹ್ನ ಮೇಲ್ಛಾವಣಿ ಕಾದು ಬಾಣಲೆಯಂತಾಗುತ್ತದೆ, ಒಳಗಿನಿಂದ ಥರ್ಮೋಕೋಲ್ ಹಾಳೆ ಹಾಕಿದರೂ ಸಾಲಲಿಲ್ಲ. ಹಿಂದಿರುಗುವಾಗ ಪರದೆಯ ಒಂದು ಬಳೆಯೂ ಮುರಿಯಿತು. ಈಗ ನಮ್ಮ ಓಣಿಯ ನಿವೃತ್ತ ಮೇಷ್ಟ್ರೊಬ್ಬರು, ಹಾಸನದಲ್ಲಿರುವ ಮಗಳ ಮನೆಗೆ ಹೋಗಲು ಗಾಡಿ ಕೇಳಿದ್ದಾರೆ. ನಿನ್ನೆ ಸಂಜೆ ಟೇಪು ಹಿಡಿದು ಅವರ ಮನೆಗೆ ಹೋಗಿದ್ದೆ. ಅವರ ಅಳತೆ ಹದಿನೆಂಟೂವರೆ ಇಂಚು. ಮಂಚದ ಕಾಲಿಗೆ ಎರಡು ಇಂಚಿನ ಹಲಗೆ ಸೇರಿಸಬೇಕು, ಭಾನುವಾರ ಚಾಚಾಗೆ ಬಿಡುವಿದೆ.

(ದ್ವಿತೀಯ ಪಿಯುಸಿ, ವಿಜ್ಞಾನ ವಿಭಾಗ)